ಟುಪಾಕ್ ಶಕೂರ್

ಟುಪಾಕ್ ಅಮರು ಶಕೂರ್ (ಜೂನ್ 16, 1971 – ಸೆಪ್ಟೆಂಬರ್ 13, 1996) ಅಮೆರಿಕದ ಪ್ರಸಿದ್ಧ ರ‍್ಯಾಪ್ ಗಾಯಕ ಹಾಗೂ ನಟ. ಇವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯೆಯಾಗಿದ್ದ ತಾಯಿ ಅಫೇನಿ ಗರ್ಭಿಣಿಯಾಗಿದ್ದಾಗ ಸೆರೆವಾಸ ಅನುಭವಿಸಿ, ಮಗನ ಜನನಕ್ಕೆ ಒಂದು ತಿಂಗಳ ಮೊದಲು ದೋಷಮುಕ್ತರಾಗಿದ್ದರು.

ಟುಪಾಕ್ ಬಡತನದಲ್ಲಿಯೇ ಬೆಳೆದರು. ಬಾಲ್ಟಿಮೋರ್‌ನ ಕಲಾಶಾಲೆಯಲ್ಲಿ ನಟನೆ, ಕಾವ್ಯ ಮತ್ತು ಬ್ಯಾಲೆ ನೃತ್ಯವನ್ನು ಅಭ್ಯಸಿಸುತ್ತಿದ್ದ ಅವರು, 1988ರಲ್ಲಿ ಕುಟುಂಬವು ಕ್ಯಾಲಿಫೋರ್ನಿಯಾಕ್ಕೆ ತೆರಳಿದ್ದರಿಂದ ಆ ಶಾಲೆಯನ್ನು ತೊರೆಯಬೇಕಾಯಿತು. ತಾಯಿ ಮಾದಕವ್ಯಸನಕ್ಕೆ ತುತ್ತಾದರು. ಡಿಜಿಟಲ್ ಅಂಡರ್‌ಗ್ರೌಂಡ್ ತಂಡವನ್ನು ಸಹಾಯಕ ಹಾಗೂ ನರ್ತಕರಾಗಿ ಸೇರಿದ ಟುಪಾಕ್, 1991ರಲ್ಲಿ ತಮ್ಮ ಮೊದಲ ಆಲ್ಬಂ ಹೊರತಂದರು.

1995ರಲ್ಲಿ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆಯಲ್ಲಿದ್ದಾಗಲೇ, ಅವರ ಭಯ ಮತ್ತು ಹತಾಶೆಗಳನ್ನು ತೆರೆದಿಟ್ಟ 'ಮಿ ಅಗೇನ್‌ಸ್ಟ್ ದ ವರ್ಲ್ಡ್' ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಮರುವರ್ಷ ಲಾಸ್ ವೇಗಸ್‌ನಲ್ಲಿ ಗುಂಡಿನ ದಾಳಿಗೆ ಸಿಲುಕಿ 25ನೆಯ ವಯಸ್ಸಿನಲ್ಲಿ ನಿಧನರಾದರು. ಆ ಆಲ್ಬಂನಲ್ಲಿ ತಾಯಿಯನ್ನು ಕುರಿತು ಹಾಡಿದ 'ಡಿಯರ್ ಮಾಮಾ' ಗೀತೆಯನ್ನು 2010ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಣೆಗೆ ಆಯ್ಕೆ ಮಾಡಿತು.