ಸೋಲದೇ ಇಳಿದ ಜೋ ಡೇವಿಸ್

ಹಸಿರು ಮೇಜಿನ ಮೇಲೆ ಕೋಲಿನಿಂದ ಬಣ್ಣದ ಚೆಂಡು ತಳ್ಳೋ ಸ್ನೂಕರ್‌ಗೆ ಕಾಸಿನ ಬೆಲೆ ಇರದ ಕಾಲ. ಇಂಗ್ಲೆಂಡಿನ ಡರ್ಬಿಶೈರ್‌ನ ಜೋ ಡೇವಿಸ್ ತಾನೇ ಓಡಾಡಿ ವಿಶ್ವ ಪಂದ್ಯಾವಳಿ ಶುರುಮಾಡಿಸಿದ, 1927ರಲ್ಲಿ ತಾನೇ ಗೆದ್ದ. ಕೈಗೆ ಸಿಕ್ಕಿದ್ದು 6 ಪೌಂಡು 10 ಶಿಲ್ಲಿಂಗು. ಗೇಟ್ ಹಣದಲ್ಲೇ ಕಪ್ ಕೊಂಡಿದ್ದರು!

1931ರಲ್ಲಿ ಕಣದಲ್ಲಿದ್ದವರು ಇಬ್ಬರೇ. ಎದುರಾಳಿ ಟಾಮ್ ಡೆನಿಸ್ ಜೊತೆ ಪಂದ್ಯ ನಡೀತು. ಅಂಥ ಆಟವನ್ನ ಜೋ ಲಂಡನ್ನಿನ ದೊಡ್ಡ ಸಭಾಂಗಣಕ್ಕೆ ಏರಿಸಿದ. 15 ಸಲ ಚಾಂಪಿಯನ್, ಒಮ್ಮೆಯೂ ಸೋಲಿಲ್ಲ. 1940ರಲ್ಲಿ ಸ್ವಂತ ತಮ್ಮ ಫ್ರೆಡ್‌ನನ್ನ ಸೋಲಿಸಿದ್ದು 37–36ರಲ್ಲಿ, ಕೂದಲೆಳೆ ಅಂತರ.

1946ರಲ್ಲಿ ಗೆದ್ದವನೇ ಚಾಂಪಿಯನ್‌ಶಿಪ್‌ಗೆ ಕೈಮುಗಿದ. ಆದರೆ ಆಟ ಬಿಡಲಿಲ್ಲ. 1955ರಲ್ಲಿ ಮೊದಲ ಅಧಿಕೃತ 147 ಬಾರಿಸಿದ. ಎಡವಟ್ಟಾಗಿದ್ದು ಇಲ್ಲೇ. ಎಲ್ಲರಿಗಿಂತ ಗಟ್ಟಿಗ ಹೊರಗೆ ನಿಂತಿರುವಾಗ ಒಳಗೆ ಗೆದ್ದವನನ್ನ ಯಾರು ಕೇಳ್ತಾರೆ? ಪಟ್ಟದ ಬೆಲೆ ಇಳೀತು, ಜನ ಕರಗಿದರು. 1957ರ ನಂತರ 1964ರವರೆಗೆ ವಿಶ್ವ ಪಂದ್ಯವೇ ಇಲ್ಲ. ಬಣ್ಣದ ಟೀವಿ ಬಂದ ಮೇಲೇ ಆಟ ಪೂರ್ತಿ ಚೇತರಿಸಿಕೊಂಡದ್ದು.

1978ರಲ್ಲಿ 64ರ ಹರೆಯದ ಫ್ರೆಡ್ ಸೆಮಿಫೈನಲ್ ಆಡ್ತಿದ್ದ. ನೋಡುತ್ತಾ ಕೂತ ಅಣ್ಣ ಕುಸಿದ. ಅದೇ ಜುಲೈನಲ್ಲಿ ತೀರಿಕೊಂಡ. ಗೇಟ್ ಹಣದ ಆ ಕಪ್ ಮಾತ್ರ ಇವತ್ತಿಗೂ ವಿಶ್ವ ಚಾಂಪಿಯನ್ನಿನ ಕೈಗೇ ಹೋಗ್ತಿದೆ.