ಓದನ್ನು ಬಣ್ಣಕ್ಕಿಳಿಸಿದ ಯೂನಿಸ್ ಪಿನ್ನಿ

ಕಾವ್ಯವನ್ನೋದಿ ಮನಕರಗಿದವರು ಅನೇಕರು. ಆ ಅನುಭವವನ್ನು ತಮ್ಮದೇ ರೀತಿಯಲ್ಲಿ ಕಾಗದದ ಮೇಲೆ ನಿಲ್ಲಿಸಬಲ್ಲವರು ವಿರಳ. ಅಮೆರಿಕದ ಜನಪದ ಚಿತ್ರಕಲೆಯಲ್ಲಿ ಹೆಸರಾದ ಯೂನಿಸ್ ಪಿನ್ನಿಯನ್ನು ನಾನು ಆ ವಿರಳರ ಸಾಲಿನಲ್ಲಿ ಎಣಿಸುತ್ತೇನೆ.

ಆಕೆ ಹುಟ್ಟಿದುದು 1770ರಲ್ಲಿ, ಕನೆಕ್ಟಿಕಟ್ ಸೀಮೆಯ ಸಿಮ್ಸ್‌ಬರಿಯ ಗ್ರಿಸ್‌ವೋಲ್ಡ್ ಮನೆತನದಲ್ಲಿ. ಸಹೋದರ ಅಲೆಗ್ಜಾಂಡರ್ 1811ರಲ್ಲಿ ಬಿಷಪ್ ಪದವಿಗೇರಿದ ವಿದ್ವಾಂಸ. ಮೊದಲ ವಿವಾಹ ಆಲಿವರ್ ಹೋಲ್ಕೊಂಬ್‌ನೊಡನೆ. ಅನಂತರ 1797ರಲ್ಲಿ ಬಟ್ಲರ್ ಪಿನ್ನಿಯ ಕೈಹಿಡಿದು ವಿಂಡ್ಸರಿನ ಗೃಹಿಣಿಯಾದಳು.

ಆ ಕಾಲದ ಅನುಕೂಲಸ್ಥರ ಹೆಣ್ಣುಮಕ್ಕಳು ಶಾಲೆಯಲ್ಲಿ ಕಸೂತಿಯೊಡನೆ ಜಲವರ್ಣವನ್ನೂ ಕಲಿಯುತ್ತಿದ್ದರು. ಮದುವೆಯಾದೊಡನೆ ಕುಂಚ ಮೂಲೆ ಸೇರುವುದೂ ಇತ್ತು. ಪಿನ್ನಿಯ ದಾರಿ ಇದಕ್ಕೆ ವಿರುದ್ಧ. ಆಕೆಯದೆಂದು ತಿಳಿದಿರುವ ಚಿತ್ರಗಳು ಸುಮಾರು 1809ರಿಂದ, ಎಂದರೆ ಆಕೆಗೆ ನಲವತ್ತು ಸಮೀಪಿಸಿದಾಗ, ಆರಂಭವಾಗುತ್ತವೆ. ಬಾಳಿನ ಸುಖದುಃಖಗಳನ್ನು ಕಂಡ ತಾಯಿಯ ಕೈ ಅದು. ಆಕೆಯ ರೇಖೆಗಳಲ್ಲಿ ಬಾಲೆಯರ ಅಂಜಿಕೆ ನನಗೆ ಕಾಣದಿರುವುದಕ್ಕೆ ಇದೇ ಕಾರಣವಿರಬೇಕು.

ಗಯಟೆಯ ವರ್ಥರನ ಕಥೆ 1774ರಲ್ಲಿ ಹೊರಬಂದು ಯೂರೋಪಿನ ತರುಣರನ್ನು ಕಣ್ಣೀರಿನಲ್ಲಿ ತೊಯಿಸಿತು. ಅದರ ಭಗ್ನಪ್ರೇಮ ಅಚ್ಚಿನ ಚಿತ್ರಗಳಾಗಿ ದೇಶದೇಶಗಳಲ್ಲಿ ಹರಡಿತು. 1810ರಲ್ಲಿ ಪಿನ್ನಿ ಆ ಪ್ರೇಮಿಗಳನ್ನು ಚಿತ್ರಿಸಿದಳು. ಮುಂದೆ, ಸುಮಾರು 1815ರಲ್ಲಿ, ರಾಬರ್ಟ್ ಬರ್ನ್ಸ್ 1786ರಲ್ಲಿ ಪ್ರಕಟಿಸಿದ ಕವಿತೆಯೊಂದರ ಬಡ ರೈತನ ಶನಿವಾರದ ರಾತ್ರಿ ಆಕೆಗೆ ವಸ್ತುವಾಯಿತು. ದುಡಿದು ದಣಿದ ಸಂಸಾರ ಒಂದುಗೂಡಿ ಧರ್ಮಗ್ರಂಥದ ಪಠಣವನ್ನು ಕೇಳುವ ರಾತ್ರಿ ಅದು. ಎರಡು ಚಿತ್ರಗಳೂ ಇಂದು ವಾಷಿಂಗ್‌ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿವೆ.

ಅಚ್ಚಿನ ಚಿತ್ರಗಳನ್ನು ಆಧರಿಸಿ ಬರೆದವಳಿಗೆ ಸ್ವಂತಿಕೆ ಎಲ್ಲಿಯದು ಎಂದು ವಿಮರ್ಶಕರು ಕೇಳಬಹುದು. ಕಥೆ ಹಳೆಯದಾದರೆ ಕವಿ ಚಿಕ್ಕವನಾಗುವನೇ ಎಂಬುದು ನನ್ನ ಮರುಪ್ರಶ್ನೆ. ಆಕೆ ತೆಗೆದುಕೊಂಡುದು ಸನ್ನಿವೇಶವನ್ನು. ಕೊಟ್ಟುದು ದಿಟ್ಟ ರೇಖೆ, ತುಂಬುಬಣ್ಣ, ತೂಗಿಟ್ಟಂತಹ ಸಮತೋಲ. ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರ ಪ್ರಸಿದ್ಧ ಚಿತ್ರದಲ್ಲಿ ಈ ಗುಣ ಎದ್ದುಕಾಣುತ್ತದೆ. ಯೂರೋಪಿನ ಭಾವಾವೇಶ ಆಕೆಯ ಕೈಯಲ್ಲಿ ಹಳ್ಳಿಮನೆಯ ಗಾಂಭೀರ್ಯವನ್ನು ಪಡೆಯಿತು.

ಸಮಾಧಿ, ಕಲಶ, ಬಾಗಿದ ವಿಲೋ ಮರ, ಇವುಗಳಿಂದ ಕೂಡಿದ ಸ್ಮಾರಕ ಚಿತ್ರಗಳಿಗೆ ಆಗ ಬಹು ಪ್ರಚಾರವಿತ್ತು. 1813ರಲ್ಲಿ ಪಿನ್ನಿ ತನಗೆ ತಾನೇ ಅಂಥದೊಂದು ಸ್ಮಾರಕವನ್ನು ಬರೆದುಕೊಂಡಳು. ಬಳಿಕ ಮೂವತ್ತಾರು ವರ್ಷ ಬದುಕಿ 1849ರಲ್ಲಿ ತೀರಿಕೊಂಡಳು. 1943ರಲ್ಲಿ ಜೀನ್ ಲಿಪ್ಮನ್ ಬರೆದ ಲೇಖನ ಆಕೆಯನ್ನು ಕಲಾಪ್ರಿಯರ ಗಮನಕ್ಕೆ ತಂದಿತು. ಓದುಗನೂ ಸೃಷ್ಟಿಶೀಲನಾಗಬಲ್ಲ ಎಂಬುದಕ್ಕೆ ಈ ಗೃಹಿಣಿಯ ಚಿತ್ರಗಳಿಗಿಂತ ಬೇರೆ ಸಾಕ್ಷ್ಯ ನನಗೆ ಬೇಕಿಲ್ಲ.