ತೆರಿಗೆಗೆ ಸಿಕ್ಕದ ಶ್ರೀಮಂತ: ವಿಲಿಯಂ ವೆಸ್ಟಿ

ವರ್ತಕನೊಬ್ಬನು ಅರ್ಜೆಂಟೀನದಲ್ಲಿ ದನವನ್ನು ಕೊಳ್ಳುತ್ತಾನೆ. ಅದರ ಮಾಂಸವನ್ನು ತನ್ನದೇ ಹಡಗಿನಲ್ಲಿ ಸಾಗಿಸಿ ಇಂಗ್ಲೆಂಡಿನಲ್ಲಿ ಮಾರುತ್ತಾನೆ. ಇದರಿಂದ ಬಂದ ಲಾಭ ಹುಟ್ಟಿದ್ದು ಯಾವ ದೇಶದಲ್ಲಿ? ಅದರ ಮೇಲೆ ತೆರಿಗೆ ಹಾಕುವ ಹಕ್ಕು ಯಾವ ಸರ್ಕಾರದ್ದು? ಇಂದಿಗೂ ಸರ್ಕಾರಗಳನ್ನು ಕಾಡುತ್ತಿರುವ ಈ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆಯೇ ತನ್ನ ಅನುಕೂಲಕ್ಕೆ ತಿರುಗಿಸಿಕೊಂಡವನು ವಿಲಿಯಂ ವೆಸ್ಟಿ.

ಈತನು 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. ತಂದೆ ದಿನಸಿ ವ್ಯಾಪಾರಿ. ಸರಕು ಕೊಂಡು ರವಾನಿಸುವ ಕೆಲಸಕ್ಕೆಂದು ಅವನು ಮಗನನ್ನು ಹದಿನೇಳನೆಯ ವಯಸ್ಸಿನಲ್ಲಿಯೇ ಅಮೆರಿಕಕ್ಕೆ ಕಳುಹಿಸಿದನು. ಷಿಕಾಗೋ ನಗರದಲ್ಲಿ ವಿಲಿಯಂ ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಯನ್ನು ತೆರೆದನು. ಆಹಾರವನ್ನು ಕೆಡದಂತೆ ತಂಪಾಗಿಡುವ ಯಂತ್ರಗಳು ಆಗತಾನೆ ಬಳಕೆಗೆ ಬರುತ್ತಿದ್ದವು. ಅವುಗಳ ಬೆಲೆಯನ್ನು ಅರಿತ ವಿಲಿಯಂ, ತಮ್ಮನಾದ ಎಡ್ಮಂಡನೊಡನೆ ಸೇರಿ 1897ರಲ್ಲಿ ಯೂನಿಯನ್ ಕೋಲ್ಡ್ ಸ್ಟೋರೇಜ್ ಕಂಪನಿಯನ್ನೂ 1911ರಲ್ಲಿ ಬ್ಲೂ ಸ್ಟಾರ್ ಎಂಬ ಹಡಗು ಸಂಸ್ಥೆಯನ್ನೂ ಸ್ಥಾಪಿಸಿದನು. ಅರ್ಜೆಂಟೀನದ ಮಾಂಸ, ಚೀನದ ಮೊಟ್ಟೆ, ಆಸ್ಟ್ರೇಲಿಯದ ಹುಲ್ಲುಗಾವಲು ಎಲ್ಲವೂ ಅಣ್ಣತಮ್ಮಂದಿರ ಕೈಸೇರಿದವು. ಇಷ್ಟು ಐಶ್ವರ್ಯವಿದ್ದರೂ ಅವರು ಆಡಂಬರವಿಲ್ಲದ ಮಿತವ್ಯಯಿಗಳು. ಒಂದು ಕಾಸೂ ವ್ಯರ್ಥವಾಗಬಾರದೆಂಬುದೇ ಅವರ ವ್ರತ.

1914ರವರೆಗೆ ಬ್ರಿಟನ್ನಿನ ನಿವಾಸಿಯು ಹೊರದೇಶದ ಷೇರು ಬಾಡಿಗೆಗಳ ವರಮಾನದಲ್ಲಿ ಸ್ವದೇಶಕ್ಕೆ ತಂದ ಭಾಗಕ್ಕೆ ಮಾತ್ರ ತೆರಿಗೆ ಕೊಟ್ಟರೆ ಸಾಕಾಗಿತ್ತು. ಆ ವರ್ಷದ ಕಾಯಿದೆಯು, ತಂದರೂ ತರದಿದ್ದರೂ ತೆರಿಗೆ ಕೊಡಬೇಕೆಂದು ವಿಧಿಸಿತು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು. ಇಪ್ಪತ್ತು ಷಿಲಿಂಗಿನ ಪೌಂಡಿಗೆ 1 ಷಿಲಿಂಗ್ 2 ಪೆನ್ಸ್ ಇದ್ದ ತೆರಿಗೆ ಯುದ್ಧ ಮುಗಿಯುವುದರೊಳಗೆ 6 ಷಿಲಿಂಗಿಗೆ ಏರಿತು. ಸಹೋದರರು 1915ರಲ್ಲಿಯೇ ಗಂಟುಮೂಟೆ ಕಟ್ಟಿ, ಅರ್ಜೆಂಟೀನದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರಕ್ಕೆ ಹೊರಟುಹೋದರು. ದೇಶದ ತರುಣರು ರಣರಂಗದಲ್ಲಿ ಪ್ರಾಣವನ್ನೇ ತೆರುತ್ತಿದ್ದ ಕಾಲವದು.

ಆದರೂ ಅವರ ವಾದವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. 1919ರಲ್ಲಿ ವರಮಾನ ತೆರಿಗೆಯ ರಾಜ ಆಯೋಗದ ಮುಂದೆ ವಿಲಿಯಂ ಸಾಕ್ಷ್ಯ ನುಡಿದನು. ತನ್ನ ಪ್ರತಿಸ್ಪರ್ಧಿಗಳಾದ ಅಮೆರಿಕದ ಮಾಂಸದ ಕಂಪನಿಗಳಿಗೆ ಇಷ್ಟು ಭಾರವಿಲ್ಲ, ಅವರಂತೆಯೇ ತನಗೂ ತೆರಿಗೆ ವಿಧಿಸಿದರೆ ತಾಯ್ನಾಡಿನಲ್ಲಿಯೇ ನೆಲಸುವೆನೆಂದು ಹೇಳಿದನು. ಆ ಬೇಡಿಕೆ ಫಲಿಸಲಿಲ್ಲ.

ಆಗ ಹುಟ್ಟಿತು 1921ರ ಪ್ಯಾರಿಸ್ ಟ್ರಸ್ಟು. ಸಹೋದರರು ಹೊರದೇಶದಲ್ಲಿದ್ದ ತಮ್ಮ ಆಸ್ತಿಯನ್ನು ತಮ್ಮದೇ ಆದ ಯೂನಿಯನ್ ಕಂಪನಿಗೆ ಗುತ್ತಿಗೆಗೆ ಕೊಟ್ಟರು. ವರ್ಷಕ್ಕೆ 9,60,000 ಪೌಂಡುಗಳ ಬಾಡಿಗೆ ಪ್ಯಾರಿಸ್ಸಿನ ಟ್ರಸ್ಟಿಗಳಿಗೆ ಸಲ್ಲುವಂತೆ ಏರ್ಪಡಿಸಿದರು. ಹಣ ಟ್ರಸ್ಟಿನದು, ಪ್ರಯೋಜನ ಕುಟುಂಬದ್ದು, ಅದನ್ನು ಎಲ್ಲಿ ಹೂಡಬೇಕೆಂಬ ಆಜ್ಞೆ ಸಹೋದರರದು! ಆಸ್ತಿಯ ಒಡೆಯರಾಗಿದ್ದವರು ಇಂಗ್ಲೆಂಡಿಗೆ ಮರಳಿದರೂ ವರಮಾನವು ಫ್ರಾನ್ಸಿನಲ್ಲಿಯೇ ಉಳಿಯಿತು.

1922ರಲ್ಲಿ ಲಾಯ್ಡ್ ಜಾರ್ಜ್ ಸರ್ಕಾರವು ಈತನಿಗೆ ಲಾರ್ಡ್ ಪದವಿಯನ್ನು ದಯಪಾಲಿಸಿತು. ತೆರಿಗೆಗೆ ಬೆನ್ನು ತೋರಿದವನಿಗೆ ಇಂಥ ಗೌರವವೇ ಎಂದು ಗದ್ದಲವೆದ್ದಿತು. ಪದವಿಗಳು ಹಣಕ್ಕೆ ಬಿಕರಿಯಾಗುತ್ತಿವೆ ಎಂಬ ಮಾತು ಹಬ್ಬಿತು. ಅಂಥ ಮಾರಾಟವನ್ನು ನಿಷೇಧಿಸುವ ಕಾಯಿದೆ 1925ರಲ್ಲಿ ಬಂದಿತು.

1936ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಆಸ್ತಿಯನ್ನು ಹೊರದೇಶಕ್ಕೆ ವರ್ಗಾಯಿಸಿ ಅದರ ಫಲವನ್ನು ಸ್ವದೇಶದಲ್ಲಿದ್ದು ಅನುಭವಿಸುವವರನ್ನು ಹಿಡಿಯಲೆಂದು ಹೊಸ ವಿಧಿಯನ್ನು ರಚಿಸಿತು. ವಿಲಿಯಂ 1940ರಲ್ಲಿ ಕಾಲವಾದನು. ಮೊಕದ್ದಮೆ ಮಾತ್ರ ಅವನ ಹಿಂದೆಯೂ ನಡೆಯಿತು. ಹೂಡಿಕೆಯ ಬಗ್ಗೆ ಆಜ್ಞೆ ಕೊಡುವ ಅಧಿಕಾರವು ವರಮಾನವನ್ನು ಅನುಭವಿಸುವ ಅಧಿಕಾರವಾಗದೆಂದು 1949ರಲ್ಲಿ ಲಾರ್ಡ್ಸ್ ಸಭೆ ತೀರ್ಪಿತ್ತಿತು. 1979ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿಯೂ ಗೆಲುವು ಕುಟುಂಬದ್ದೇ. ಈ ಕುಟುಂಬದ ಮಾಂಸದಂಗಡಿಗಳ ಸಂಸ್ಥೆಯು 1978ರಲ್ಲಿ 23 ಲಕ್ಷ ಪೌಂಡುಗಳ ಲಾಭಕ್ಕೆ ಕೇವಲ 10 ಪೌಂಡು ತೆರಿಗೆ ಕೊಟ್ಟಿದ್ದ ಸಂಗತಿ 1980ರಲ್ಲಿ ಪತ್ರಿಕೆಯ ಮೂಲಕ ಬಯಲಾಯಿತು. ಕಾನೂನಿನ ದೃಷ್ಟಿಯಲ್ಲಿ ಇದು ಕಳ್ಳತನವಾಗಿರಲಿಲ್ಲ ಎಂಬುದೇ ಯೋಚಿಸಬೇಕಾದ ವಿಷಯ.

ವೆಸ್ಟಿಯನ್ನು ಜಿಪುಣನೆಂದು ಕರೆದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಲಿವರ್‌ಪೂಲಿನ ಮಹಾ ಇಗರ್ಜಿಯ ಭವ್ಯ ಗೋಪುರವು ಈ ಸಹೋದರರು ತಮ್ಮ ತಾಯಿತಂದೆಗಳ ನೆನಪಿಗೆ ಕೊಟ್ಟ ಹಣದಿಂದ ಎದ್ದುದು. ದಾನ ಮಾಡುವಾಗ ಯಾರಿಗೆ, ಎಷ್ಟು, ಏತಕ್ಕೆ ಎಂಬುದನ್ನು ದಾನಿಯೇ ನಿರ್ಧರಿಸುತ್ತಾನೆ. ತೆರಿಗೆಯಲ್ಲಿ ಅದನ್ನು ನಿರ್ಧರಿಸುವುದು ಸಮಾಜ. ಗೋಪುರಕ್ಕೆ ಮನಸಾರೆ ಕೊಟ್ಟ ಕೈ ಬೊಕ್ಕಸದೆದುರು ಮುಷ್ಟಿ ಬಿಗಿಯಿತು. ಅವನು ಕೊಡದೆ ಉಳಿಸಿಕೊಂಡ ಪಾಲಿನ ಹೊರೆಯನ್ನು, ದೇಶ ಬಿಟ್ಟು ಹೋಗಲಾರದ ಗುಮಾಸ್ತನೂ ಅಂಗಡಿಯವನೂ ಹೊರಬೇಕಾಯಿತು.